ಅರಿಶಿನದ ಹಕ್ಕಿಗೆ ಹಾರ್ನ್ ಕಟ್ಟಿದ ದಿನ

ಜೋಡಿಗುಂಡಿನ ಬೆಟ್ಟದ ಪಕ್ಷಿ ಸಮೀಕ್ಷೆ ನಡೆಸಿದ ಮುಖ್ಯಾಧಿಕಾರಿಗಳಿಗೆ ಬಹಿರಂಗ ಪತ್ರ,

ಮಾನ್ಯರೇ, ಮೊದಲು ಜೀಪಿನ ಗಾಜು ಇಳಿಸಿ. ನಾನು ಹೇಳುವುದು ತಮಗೆ ಕೇಳಿಸಬೇಕು.

ಕುಣಿಗಲ್ ತಾಲ್ಲೂಕಿನಲ್ಲಿ ಯಡಿಯೂರು ದಾಟಿ ಒಳಕ್ಕೆ ಹೋದರೆ ಸಿಗುವ ಜೋಡಿಗುಂಡಿನ ಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರ, ಊರವರ ಬಾಯಲ್ಲಿ ಅರಿಶಿನದ ಹಕ್ಕಿ, ಇಲ್ಲವೆಂದು ತಾವು ಕೊಟ್ಟಿರುವ ವರದಿ ಸುಳ್ಳು. ಆ ವರದಿಯನ್ನು ನಂಬಿ, ಬೆಟ್ಟವನ್ನು ಕಲ್ಲುಗಣಿಗೆ ಕೊಡಲು ಅಡ್ಡಿಯಿಲ್ಲ ಎಂಬ ಅಭಿಪ್ರಾಯ ಬರುವ ಸೋಮವಾರ ಮೇಲಿನ ಕಚೇರಿಗೆ ಹೋಗಲಿದೆ. ಹೋದ ಮೇಲೆ ಸಿಡಿಮದ್ದಿನ ಕೆಲಸ ಶುರುವಾಗಲು ಹೆಚ್ಚು ದಿನ ಬೇಕಿಲ್ಲ. ವರದಿ ಸುಳ್ಳೆಂದು ನಿನಗೆ ಹೇಗೆ ಗೊತ್ತಯ್ಯಾ ಎಂದು ತಾವು ಕೇಳಬಹುದು. ಅದಕ್ಕೆ ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ನಾನೊಬ್ಬ. ಆ ಹಕ್ಕಿಯ ಬಾಯಿ ಮುಚ್ಚಿಸಿದವನೂ ನಾನೇ.

ನಾನು ಯಾರೆಂದು ತಮಗೆ ನೆನಪಿರಲಾರದು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮೂವತ್ತೈದು ವರ್ಷಗಳಿಂದ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡಿರುವವನು. ಮದುವೆ, ಉರುಸು, ಮಠದ ಕಾರ್ಯಕ್ರಮ, ಶಾಲಾ ವಾರ್ಷಿಕೋತ್ಸವ, ಸರ್ಕಾರದ ಜಯಂತಿಗಳು, ಎಲ್ಲಕ್ಕೂ ನನ್ನ ಹಾರ್ನ್‌ಗಳೇ. ವೇದಿಕೆಯ ಪಕ್ಕ ಆಂಪ್ಲಿಫೈಯರ್ ಮುಂದೆ ಕೂತು ಇಷ್ಟು ವರ್ಷ ಭಾಷಣ ಕೇಳಿದವನ ಕನ್ನಡ ಸ್ವಲ್ಪ ಉದ್ದವಾಗುವುದು ಸಹಜ, ತಾವು ಮನ್ನಿಸಬೇಕು. ನನ್ನ ಹೆಸರನ್ನು ಕೊನೆಯಲ್ಲಿ ಹೇಳುತ್ತೇನೆ. ಅದನ್ನು ಕೊನೆಯಲ್ಲೇ ಹೇಳಲು ಒಂದು ಕಾರಣವಿದೆ.

ನಾಲ್ಕು ವಾರದ ಹಿಂದಿನ ಮಂಗಳವಾರವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಅದರ ಹಿಂದಿನ ದಿನ ತಮ್ಮ ಕಚೇರಿಯ ಗುಮಾಸ್ತರಾದ ಅಂಜನಮೂರ್ತಿಯವರು ನನಗೆ ಫೋನ್ ಮಾಡಿದ್ದರು. "ಸಾಬ್ರೆ, ನಾಳೆ ಒಂದ್ ಬೆಟ್ಟಕ್ಕೆ ಮೈಕ್ ಹಾಕ್ಬೇಕು" ಎಂದರು. ಬೆಟ್ಟದ ಮೇಲೆ ಏನು ಕಾರ್ಯಕ್ರಮ ಎಂದು ಕೇಳಿದೆ. "ಕಾರ್ಯಕ್ರಮ ಇಲ್ಲ, ಹಕ್ಕಿ ಸರ್ವೆ. ಹಕ್ಕಿ ಕೂಗೋದ್ನ ನಾವು ಪ್ಲೇ ಮಾಡ್ತೀವಿ. ಇದ್ರೆ ಅದು ತಿರುಗಿ ಕೂಗುತ್ತಂತೆ, ಇಲ್ದಿದ್ರೆ ಇಲ್ಲ. ಬೆಟ್ಟ ಹತ್ತೋಕೆ ಯಾರ ಕೈಲಿ ಆಗುತ್ತೆ? ಸೌಂಡ್ ಫುಲ್ ಬೆಟ್ಟ ಕವರ್ ಆಗ್ಬೇಕು, ನೋಡ್ಕೊಳಿ" ಎಂದರು. ಮಾನ್ಯರೇ, ಇಂಥ ಮಾತು ಕೇಳಿದರೆ ಮೈಕ್‌ಸೆಟ್‌ನವನ ಎದೆ ಉಬ್ಬುತ್ತದೆ. ಇಷ್ಟು ವರ್ಷ ಜನರಿಗೆ ಕೇಳಿಸಿದ್ದೆ, ಈಗ ಒಂದು ಬೆಟ್ಟಕ್ಕೇ ಕೇಳಿಸುವ ಅವಕಾಶ. ಇದ್ದುದರಲ್ಲಿ ಒಳ್ಳೆಯ ನಾಲ್ಕು ಹಾರ್ನ್, ದೊಡ್ಡ ಆಂಪ್ಲಿಫೈಯರ್, ಒಂದು ಡೀಸೆಲ್ ಜನರೇಟರ್ ಹೇರಿಕೊಂಡು ಹೊರಟೆ.

ತಾವು ಬಂದಾಗ ಹನ್ನೊಂದು ಗಂಟೆ ಹತ್ತು ನಿಮಿಷ. ವರದಿಯಲ್ಲಿ 'ಮುಂಜಾನೆಯ ಅವಧಿ' ಎಂದು ಬರೆದಿದೆ. ಯಾರ ಮುಂಜಾನೆ? ಬಂಡೆ ಆಗಲೇ ಕಾದು, ಬರಿಗಾಲಿಡುವ ಹಾಗಿರಲಿಲ್ಲ. ಬೆಟ್ಟದ ಬುಡದ ಹುಣಸೆಮರಕ್ಕೆ ಹಾರ್ನ್ ಕಟ್ಟಿದೆ. ಮರದ ಪಕ್ಕದಲ್ಲೇ ಹನುಮಮ್ಮ ಎಂಬ ವೃದ್ಧೆಯ ಮನೆ. ಗಣಿಗೆ ಆಕ್ಷೇಪಣೆ ಇದ್ದರೆ ಹೇಳಿ ಎಂದು ಪಂಚಾಯ್ತಿಯಲ್ಲಿ ನೋಟಿಸ್ ಅಂಟಿಸಿದಾಗ ಇಡೀ ಊರಿನಲ್ಲಿ ಅರ್ಜಿ ಕೊಟ್ಟವರು ಅವರೊಬ್ಬರೇ. 'ಈ ಬೆಟ್ಟದಲ್ಲಿ ಅರಿಶಿನದ ಹಕ್ಕಿ ಗೂಡು ಕಟ್ಟುತ್ತದೆ, ಬೇರೆ ಕಡೆ ನಾನು ನೋಡಿಲ್ಲ' ಎಂದು ಯಾರ ಕೈಯಲ್ಲೋ ಬರೆಸಿ ಹೆಬ್ಬೆಟ್ಟು ಒತ್ತಿದ್ದರು. ಆ ಒಂದು ಹೆಬ್ಬೆಟ್ಟಿನಿಂದಾಗಿಯೇ ತಾವು ಅಷ್ಟು ದೂರ ಬರಬೇಕಾಗಿ ಬಂದದ್ದು. ಸಿಟ್ಟು ಬಂದಿರಬೇಕು, ಬಿಡಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಮೈಕನ್ನು ಪರೀಕ್ಷಿಸದೆ ಯಾರಿಗೂ ಕೊಡುವುದಿಲ್ಲ, ಮತ್ತು ಮಂಗಳಕರವಾದ ಹಾಡು ಹಾಕದೆ ಏನನ್ನೂ ಶುರು ಮಾಡುವುದಿಲ್ಲ. ಉರುಸಾದರೆ ಪ್ರವಾದಿಯವರನ್ನು ಕೊಂಡಾಡುವ ನಾತ್, ಮದುವೆ ಮತ್ತು ಸರ್ಕಾರಿ ಕಾರ್ಯಕ್ರಮವಾದರೆ ಗಣಪತಿಯ ಹಾಡು. ಕೈಗೆ ಅಂಟಿದ ಅಭ್ಯಾಸ. ಆದ್ದರಿಂದ ಜನರೇಟರ್ ಗುಡುಗುಡು ಎಂದ ಕೂಡಲೇ ನಾನು ಮೈಕಿಗೆ ಉಫ್ ಉಫ್ ಎಂದು ಊದಿದೆ. ಆ ಬೆಟ್ಟಕ್ಕೆ, ಅದರ ಗುಂಡುಕಲ್ಲಿನ ಸಂದಿಯಲ್ಲಿ ಕೂತಿದ್ದ ಸಕಲ ಜೀವಿಗಳಿಗೆ, "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಎಂದು ಮೂರು ಸಲ ಸಾರಿದೆ. ಆಮೇಲೆ ವಿಘ್ನ ನಿವಾರಣೆಗೆಂದು ಗಣಪತಿಯ ಹಾಡನ್ನು ಪೂರ್ತಿ ಹಾಕಿದೆ. ತಮ್ಮ ಕಡೆಯವರು ಯಾರೂ ಬೇಡ ಎನ್ನಲಿಲ್ಲ. ಇಬ್ಬರು ಕೈ ಮುಗಿದರು.

ಅದಾದ ಮೇಲೆ ಅಂಜನಮೂರ್ತಿಯವರು ಕೊಟ್ಟ ಪೆನ್‌ಡ್ರೈವ್ ಸಿಕ್ಕಿಸಿದೆ. ಇಪ್ಪತ್ತೆಂಟು ಸೆಕೆಂಡಿನ ಕೂಗು. ಬೋಳು ಬೋಳಾಗಿ ಕೇಳಿಸಿತು. ಯಾವ ಗಾಯಕ ಬಂದರೂ ಮೊದಲು ಕೇಳುವುದು "ಸ್ವಲ್ಪ ಎಕೋ ಹಾಕಿ ಭಾಯ್" ಎಂದು. ಹಕ್ಕಿಯೂ ಗಾಯಕನೇ ತಾನೆ? ಎಕೋ ತಿರುಗಿಸಿದೆ. ಬೇಸ್ ಏರಿಸಿದೆ. ವಾಲ್ಯೂಮನ್ನು ಪೂರ್ತಿ ಬಲಕ್ಕೆ ಒಯ್ದೆ. ಒಂದು ಹಿಡಿಯಷ್ಟಿರುವ ಹಕ್ಕಿಯ ಕೂಗು ನಾಲ್ಕು ಹಾರ್ನಿನಿಂದ ಹೊರಬಿದ್ದು, ಬಂಡೆಗೆ ಬಡಿದು, ತಿರುಗಿ ಬಂದು, ಹನುಮಮ್ಮನ ಮನೆಯ ಹೆಂಚನ್ನು ಅದುರಿಸಿತು. ಮೇಕೆಗಳು ಹಗ್ಗ ಕಿತ್ತುಕೊಂಡು ಓಡಿದವು. ನಾನು ತಲೆ ಎತ್ತಿ ತಮ್ಮ ಜೀಪಿನ ಕಡೆ ನೋಡಿದೆ, ಶಹಬ್ಬಾಸ್ ಎನ್ನಬಹುದೆಂದು. ತಾವು ಗಾಜು ಏರಿಸಿಕೊಂಡು ಎ.ಸಿ. ಹಾಕಿಕೊಂಡು ಫೋನಿನಲ್ಲಿ ಮಾತನಾಡುತ್ತಿದ್ದಿರಿ. ಹಕ್ಕಿಯ ಉತ್ತರಕ್ಕೆ ಕಿವಿಗೊಡುವ ಕ್ರಮ ಇದೇ ಇರಬೇಕೆಂದುಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ಕೇಳಿದ್ದೇನೆ. ನಾವು ಆ ದಿನ ಕಿನ್ನರಿಯ ಮುಂದೆ ಕೋಣನನ್ನು ಬಿಟ್ಟೆವು.

ನಲವತ್ತು ನಿಮಿಷದಲ್ಲಿ ಸಮೀಕ್ಷೆ ಮುಗಿಯಿತು. ಕೊನೆಗೆ ಅರ್ಜಿದಾರರ ಹೇಳಿಕೆ ಪಡೆಯಬೇಕಲ್ಲ? ಹನುಮಮ್ಮನನ್ನು ಹಾರ್ನಿನ ಕೆಳಗೇ ನಿಲ್ಲಿಸಿಕೊಂಡು ಅಂಜನಮೂರ್ತಿಯವರು ಕೇಳಿದರು.

"ಅಜ್ಜಿ, ವಯಸ್ಸೆಷ್ಟು?"

"ಆ? ಏನಪ್ಪಾ? ಕಿವಿ ಗುಂಯ್ ಅಂತೈತೆ, ಏನೂ ಕೇಳಿಸ್ತಿಲ್ಲ ಕಣಪ್ಪ."

ಅವರು ಬರೆದುಕೊಂಡರು. ಏನು ಬರೆದುಕೊಂಡರೆಂದು ಆಗ ನನಗೆ ಗೊತ್ತಾಗಲಿಲ್ಲ. ಹನುಮಮ್ಮ ಒಳಗೆ ಹೋಗಿ, ಬಿಸಿಲಲ್ಲಿ ನಿಂತಿದ್ದಾನೆಂದು ನನಗೊಂದು ಚೊಂಬು ಮಜ್ಜಿಗೆ ತಂದುಕೊಟ್ಟರು. ಅವರ ಮೇಕೆಗಳನ್ನು ಓಡಿಸಿದ್ದಕ್ಕೆ ನನ್ನನ್ನು ಒಂದು ಮಾತು ಅನ್ನಲಿಲ್ಲ. ಮಜ್ಜಿಗೆ ಕುಡಿಯುತ್ತಿರುವಾಗಲೇ ಅಂಜನಮೂರ್ತಿಯವರು ಎರಡು ಹಾಳೆ ಮುಂದೆ ಹಿಡಿದರು. "ಸಾಬ್ರೆ, ಮಹಜರ್‌ಗೆ ಒಂದ್ ಸೈನ್ ಹಾಕ್ಬುಡಿ. ಸ್ಪಾಟಲ್ಲಿ ಇದ್ರಿ ಅನ್ನೋದಕ್ಕೆ." ಹಾಳೆಗಳು ಖಾಲಿಯಿದ್ದವು. ಏನೂ ಬರೆದಿಲ್ಲವಲ್ಲ ಎಂದೆ. "ಆಫೀಸ್ಗೋಗಿ ಫೇರ್ ಮಾಡ್ತೀನಿ, ನಂಬಿಕೆ ಇಲ್ವಾ?" ಎಂದರು. ನಂಬಿಕೆಯ ಪ್ರಶ್ನೆ ಬಂದ ಮೇಲೆ ಇಲ್ಲವೆನ್ನುವುದು ಹೇಗೆ? ಚೊಂಬನ್ನು ಎಡಗೈಗೆ ಬದಲಾಯಿಸಿ ಬಲಗೈಯಲ್ಲಿ ಸಹಿ ಹಾಕಿದೆ. ನಮ್ಮಲ್ಲಿ ಸಹಿ ಮೊದಲು, ಸಂಗತಿ ಆಮೇಲೆ. ಇದು ತಮಗೂ ಗೊತ್ತು, ಈ ಪತ್ರ ಓದುತ್ತಿರುವ ಪ್ರತಿಯೊಬ್ಬರಿಗೂ ಗೊತ್ತು. ಮೊದಲನೆಯ ಸಾಕ್ಷಿಯಾಗಿ ತಮ್ಮ ಜೀಪಿನ ಡ್ರೈವರ್ ಅದಾಗಲೇ ಸಹಿ ಹಾಕಿ, ಸೀಟು ಹಿಂದಕ್ಕೆ ಮಾಡಿಕೊಂಡು ಮಲಗಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇವತ್ತಿಗೂ ಬೆಟ್ಟಕ್ಕೆ ಮೈಕ್ ಹಾಕಿದ ಕಥೆಯನ್ನು ಚಹಾ ಅಂಗಡಿಯಲ್ಲಿ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ಹಾರ್ನ್ ಬಿಚ್ಚುವ ಅವಸರದಲ್ಲಿ ಒಂದು ಸುರುಳಿ ಕೇಬಲ್ ಬೆಟ್ಟದ ಮೊದಲ ಗುಂಡಿನ ಹಿಂದೆಯೇ ಉಳಿದುಬಿಟ್ಟಿತ್ತು. ಹೋದ ಗುರುವಾರ ಗುಬ್ಬಿಯಲ್ಲಿ ಒಂದು ಮದುವೆ, ಅದಕ್ಕೆ ಆ ಕೇಬಲ್ ಬೇಕಿತ್ತು. ಫಜರ್ ನಮಾಜ್ ಮುಗಿಸಿ ಮೊಪೆಡ್ ಹತ್ತಿದೆ. ಕುಣಿಗಲ್ ಕೆರೆ ದಾಟುವಾಗ ನಸುಕು ಹರಿಯುತ್ತಿತ್ತು. ಬೆಟ್ಟ ತಲುಪಿದಾಗ ಇನ್ನೂ ಬಂಡೆಗಳು ತಣ್ಣಗಿದ್ದವು.

ಕೇಬಲ್ ಸುತ್ತುತ್ತಾ ಕೂತಿದ್ದೆ. ಮೇಲಿನ ಗುಂಡಿನ ಸಂದಿಯಲ್ಲಿ ಬೆಳೆದ ಗೋಣಿಮರದಿಂದ ಒಂದು ಕೂಗು ಬಂತು. ನನ್ನ ಕೈ ನಿಂತಿತು. ಮಾನ್ಯರೇ, ನನಗೆ ಹಕ್ಕಿಗಳ ವಿಷಯ ಏನೇನೂ ಗೊತ್ತಿಲ್ಲ. ಕಾಗೆ, ಗುಬ್ಬಿ, ಪಾರಿವಾಳ ಬಿಟ್ಟರೆ ಉಳಿದದ್ದೆಲ್ಲ ನನಗೆ ಬರೀ ಹಕ್ಕಿ. ಆದರೆ ಶಬ್ದದ ವಿಷಯದಲ್ಲಿ ನನ್ನ ಕಿವಿ ಮೋಸ ಹೋಗುವುದಿಲ್ಲ. ಇಪ್ಪತ್ತೆಂಟು ಸೆಕೆಂಡಿನ ಆ ಕೂಗನ್ನು ಅಂದು ನಲವತ್ತು ನಿಮಿಷ ಕೇಳಿದ್ದೇನೆ, ಅದರ ಏರು ಎಲ್ಲಿ, ಇಳಿ ಎಲ್ಲಿ ಎಂದು ಬಾಯಿಪಾಠವಾಗಿದೆ. ಅದೇ ಕೂಗು. ಎಕೋ ಇಲ್ಲ, ಬೇಸ್ ಇಲ್ಲ, ನೀರು ಗುಳುಗುಳು ಎಂದು ಬಿಂದಿಗೆಗೆ ಬೀಳುವ ಹಾಗೆ ಒಂದರ ಮೇಲೊಂದು ಸ್ವರ.  ನನಗೆ ಸಂತೋಷವಾಗಲಿಲ್ಲ, ಭಯವಾಯಿತು: ನಾನು ಸಹಿ ಹಾಕಿದ ಖಾಲಿ ಹಾಳೆ ನೆನಪಾಯಿತು.

ಹಿಂದೆ ಹನುಮಮ್ಮ ಬಂದು ನಿಂತಿದ್ದರು. "ಮೈಕ್ ತಂದಿಲ್ಲ ತಾನೆ ಸಾಬ್ರೇ?" ಎಂದು ಪಿಸುಗುಟ್ಟಿದರು. ಇಲ್ಲವೆಂದು ತಲೆಯಾಡಿಸಿದೆ. ಅಂದು ಪೆನ್‌ಡ್ರೈವಿನಿಂದ ಇಳಿಸಿಕೊಂಡ ಆ ಕೂಗಿನ ಪ್ರತಿ ನನ್ನ ಫೋನಿನಲ್ಲಿತ್ತು. ವಾಲ್ಯೂಮನ್ನು ಎರಡೇ ಗೆರೆಗೆ ಇಳಿಸಿ, ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟು, ಒಂದೇ ಒಂದು ಸಲ ಹಾಕಿದೆ. ಹತ್ತು ಸೆಕೆಂಡ್ ಕಳೆದಿರಲಿಲ್ಲ. ಹಕ್ಕಿ ಗೋಣಿಮರದಿಂದ ಹಾರಿ, ನಮ್ಮಿಂದ ನಾಲ್ಕು ಮಾರು ದೂರದ ಪೊದೆಯ ತುದಿಗೆ ಬಂದು ಕೂತಿತು. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ಮೈಯೆಲ್ಲ ಬೂದು, ತಲೆ ಕೊರಳು ಮಾತ್ರ ಆಗತಾನೆ ಅರಿಶಿನ ಹಚ್ಚಿದ ಹಳದಿ. ಯಾರದು ನನ್ನ ಜಾಗ ಕೇಳಲು ಬಂದವನು ಎಂದು ಆಚೆ ಈಚೆ ನೋಡಿತು. ನಾನು ಪ್ಲೇ ನಿಲ್ಲಿಸಿ ರೆಕಾರ್ಡ್ ಒತ್ತಿದೆ. ಅದು ಕೂಗಿತು. ನಲವತ್ತಮೂರು ಸೆಕೆಂಡ್.

"ಮೂರ್ ವಾರ ಬಾಯೇ ಬುಟ್ಟಿರ್ಲಿಲ್ಲ ಕಣಪ್ಪ" ಎಂದರು ಹನುಮಮ್ಮ. "ನೀವು ಬಂದೋದ್ಮೇಲೆ ಇವತ್ತೇ ಮೊದ್ಲು. ನಾನಂದ್ಕಂಡೆ, ಬುಡು, ಹೋಯ್ತು ಇನ್ನ, ಊರ್ ಬುಡ್ತು ಅಂತ. ಇದು ಕೂಗೋ ಹೊತ್ಗೆ ನಾನೂ ಏಳೋದು. ಮೂರ್ ವಾರದಿಂದ ನಂಗೆ ಎದ್ದಂಗೇ ಆಗಿಲ್ಲ."

ಗುಬ್ಬಿಯಲ್ಲಿ ಹೈಸ್ಕೂಲ್ ವಿಜ್ಞಾನದ ಮೇಡಂ ಒಬ್ಬರಿದ್ದಾರೆ, ಅನುಪಮಾ ಎಂದು. ಅವರ ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ನನ್ನದೇ ಮೈಕು. ಅಂದು ಮದುವೆ ಮುಗಿಸಿ ಅವರಿಗೆ ರೆಕಾರ್ಡ್ ಕೇಳಿಸಿದೆ. ಅವರು ಎರಡು ಸಲ ಕೇಳಿ, ಇದು ಅದೇ ಹಕ್ಕಿ ಎಂದರು. ದಕ್ಷಿಣದ ನಮ್ಮ ಈ ಕಲ್ಲುಬೆಟ್ಟಗಳ ಕುರುಚಲು ಕಾಡು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಈ ಹಕ್ಕಿ ಇಲ್ಲವಂತೆ. ಬಲು ನಾಚಿಕೆಯದಂತೆ. ಅದರ ಕೂಗನ್ನೇ ಮೆಲ್ಲಗೆ ಕೇಳಿಸಿದರೆ ಇನ್ನೊಂದು ಹಕ್ಕಿ ಬಂತೆಂದು ಎದುರಿಗೆ ಬರುತ್ತದಂತೆ. ಅದನ್ನೂ ಹೆಚ್ಚು ಮಾಡಬಾರದಂತೆ, ಗೂಡಿನ ಕೆಲಸ ಬಿಟ್ಟು ಕಂಗಾಲಾಗುತ್ತದಂತೆ. "ನೀವೆಷ್ಟು ಜೋರಾಗಿ ಹಾಕಿದ್ರಿ?" ಎಂದು ಕೇಳಿದರು. ಹೇಳಿದೆ. ಗಣಪತಿ ಹಾಡಿನ ವಿಷಯವನ್ನೂ ಹೇಳಿದೆ. ಮೇಡಂ ನಗಲಿಲ್ಲ. "ಎದುರಾಳಿ ಬೆಟ್ಟದಷ್ಟು ದೊಡ್ಡೋನು ಅಂತ ಗೊತ್ತಾದ್ರೆ ಯಾರು ಸಾರ್ ಮಾತಾಡ್ತಾರೆ?" ಎಂದರು. ಮಾನ್ಯರೇ, ತಮ್ಮ ವರದಿಯ ಒಂದು ಸಾಲು ಹೀಗಿದೆ: 'ಉನ್ನತ ಗುಣಮಟ್ಟದ ಧ್ವನಿವರ್ಧಕಗಳ ಮೂಲಕ ಸದರಿ ಪಕ್ಷಿಯ ಕೂಗನ್ನು ಪುನಃ ಪುನಃ ಪ್ರಸಾರ ಮಾಡಿದಾಗ್ಯೂ ಯಾವುದೇ ಪ್ರತಿಕ್ರಿಯೆ ಕಂಡುಬಾರದ ಕಾರಣ, ಸದರಿ ಪಕ್ಷಿಯು ಸದರಿ ಸ್ಥಳದಲ್ಲಿ ಇಲ್ಲವೆಂದು ದೃಢಪಟ್ಟಿರುತ್ತದೆ.' ನನ್ನ ಹಾರ್ನಿಗೆ ಉನ್ನತ ಗುಣಮಟ್ಟ ಎಂದು ಸರ್ಕಾರ ಬರೆದುಕೊಟ್ಟದ್ದು ಇದೇ ಮೊದಲು. ನಾಲ್ಕು ಹಾರ್ನ್ ಹಿಡಿದು ತಮ್ಮ ಮನೆ ಬಾಗಿಲಲ್ಲಿ ನಿಂತು ತಮ್ಮದೇ ಹೆಸರನ್ನು ನಲವತ್ತು ನಿಮಿಷ ಕೂಗಿದರೆ ತಾವು ಹೊರಗೆ ಬರುತ್ತೀರಾ? ಬರದಿದ್ದರೆ ಸದರಿ ಅಧಿಕಾರಿಯು ಸದರಿ ಮನೆಯಲ್ಲಿ ಇಲ್ಲವೆಂದು ನಾನು ದೃಢಪಡಿಸಬಹುದೇ?

ವರದಿ ನನ್ನ ಕೈಗೆ ಹೇಗೆ ಬಂತೆಂದು ಹೇಳಬೇಕು. ಈ ಪತ್ರದಲ್ಲಿ ನನಗೆ ಬರೆಯಲು ಅತ್ಯಂತ ಕಷ್ಟವಾದ ಭಾಗ ಇದು. ಅದೇ ಗುರುವಾರ ಬೆಳಿಗ್ಗೆ, ಹಕ್ಕಿ ಹಾರಿಹೋದ ಮೇಲೆ, ಹನುಮಮ್ಮ ಮನೆಯೊಳಗಿಂದ ಒಂದು ಉದ್ದನೆಯ ಲಕೋಟೆ ತಂದರು. ಅವರ ಅರ್ಜಿಗೆ ತಮ್ಮ ಕಚೇರಿ ಕಳಿಸಿದ ಉತ್ತರ, ಜೊತೆಗೆ ವರದಿಯ ಮತ್ತು ಮಹಜರಿನ ಜೆರಾಕ್ಸ್. "ಓದ್ ಬರಲ್ಲ ನಂಗೆ. ನಿಮ್ ಗಂಟ್ಲು ಚೆನ್ನಾಗೈತೆ, ಮೈಕಲ್ ಮಾತಾಡೋರು. ಓದಿ ಹೇಳಿ ಸಾಬ್ರೇ" ಎಂದರು. ಜಗಲಿಯ ಮೇಲೆ ಕೂತು ಓದತೊಡಗಿದೆ. ಗಟ್ಟಿಯಾಗಿ, ಸ್ಪಷ್ಟವಾಗಿ, ನಮ್ಮ ಕಸುಬಿನವರು ಓದುವ ಹಾಗೆಯೇ ಓದಿದೆ. 'ಅರ್ಜಿದಾರರು ಎಪ್ಪತ್ತನಾಲ್ಕು ವರ್ಷ ಪ್ರಾಯದ ಅನಕ್ಷರಸ್ಥ ವೃದ್ಧೆಯಾಗಿದ್ದು, ತೀವ್ರ ಶ್ರವಣದೋಷ ಹೊಂದಿರುವುದು ಸ್ಥಳದಲ್ಲೇ ಕಂಡುಬಂದಿರುವುದರಿಂದ, ಪಕ್ಷಿಯ ಕೂಗನ್ನು ಕೇಳಿದ್ದೇನೆಂಬ ಅವರ ಹೇಳಿಕೆ ಭ್ರಮೆಯಿಂದ ಕೂಡಿದ್ದು ನಂಬಲರ್ಹವಲ್ಲ.' ನಾನು ಓದುವುದನ್ನು ನಿಲ್ಲಿಸಿದೆ.

"ಅಂದ್ರೇನು?" ಎಂದರು.

"ನಿಮಗೆ ಕಿವಿ ಕೇಳಲ್ಲ ಅಂತ ಬರ್ದವ್ರೆ ಅಮ್ಮ."

ಅವರು ಬೆಟ್ಟದ ಕಡೆ ಕೈ ತೋರಿಸಿದರು. "ನನ್ ಮೇಕೆ ಆ ಗುಂಡಿಂದೆ ಕೆಮ್ಮುದ್ರೆ ನಂಗಿಲ್ಲಿ ಕೇಳ್ತದೆ" ಎಂದರು. "ಅದೆಂಗ್ ಬರುದ್ರು ಹಂಗೆ? ಯಾರ್ ನೋಡುದ್ರು?"

ಯಾರು ನೋಡಿದರು? ಕೆಳಗೆ ಬರೆದಿತ್ತು. ಸ್ಥಳದಲ್ಲಿ ಹಾಜರಿದ್ದು ಮೇಲ್ಕಂಡ ಸಂಗತಿಗಳನ್ನು ಕಣ್ಣಾರೆ ಕಂಡು, ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿದವರು. ಒಂದು, ಜೀಪಿನ ಡ್ರೈವರ್; ಅಲ್ಲಿಯ ತನಕ ಓದಿ ಹೇಳಿದೆ. ಎರಡನೆಯ ಸಾಲಿನಲ್ಲಿ ನನ್ನ ಹೆಸರು, ಎದುರಿಗೆ ಮಜ್ಜಿಗೆಯ ಹನಿ ಬಿದ್ದು ಸ್ವಲ್ಪ ಹರಡಿದ ನನ್ನ ಸಹಿಯ ಜೆರಾಕ್ಸ್. ಅವರು ಕೊಟ್ಟ ಮಜ್ಜಿಗೆ ಕುಡಿಯುತ್ತಲೇ ಅವರನ್ನು ನಾನು ಕಿವುಡಿ, ಭ್ರಮಿಷ್ಠೆ ಎಂದು ಸಾಕ್ಷಿ ಹೇಳಿದ್ದೆ. ಹನುಮಮ್ಮನಿಗೆ ಅಕ್ಷರ ಬಾರದು, ಆದರೆ ಕಣ್ಣು ಚುರುಕು. ಬೆರಳಿಟ್ಟು ತೋರಿಸಿದರು. "ಇಲ್ ಕೊನೇಲಿ ಇನ್ನೊಂದ್ ಸಾಲೈತಲ್ಲ, ಅದೇನು?"

"ಏನಿಲ್ಲಮ್ಮ. ಅದು ಸೀಲು" ಎಂದೆ.

ಕಾಗದ ಮಡಿಚಿ ಕೊಟ್ಟು, ಕೇಬಲ್ ಹೆಗಲಿಗೆ ಹಾಕಿಕೊಂಡು, ಗುಬ್ಬಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ಅಂದು ಸಂಜೆ ನನ್ನ ಹೆಂಡತಿ ಅಮೀನಾ ಬೀಗೆ ಎಲ್ಲ ಹೇಳಿದೆ. ಮನೆಯಲ್ಲಿ ನಮ್ಮದು ಉರ್ದು, ಅವಳ ಮಾತನ್ನು ಕನ್ನಡಕ್ಕೆ ತಂದರೆ ಅದರ ಏಟು ಅರ್ಧವಾಗುತ್ತದೆ. "ಖಾಲಿ ಕಾಗದಕ್ಕೆ ಸಹಿ ಹಾಕಿದ್ದು ಪೆದ್ದತನ. ಅದನ್ನು ಅಲ್ಲಾ ಮಾಫ್ ಮಾಡಬಹುದು. ಸೀಲು ಅಂದೆಯಲ್ಲ, ಅದನ್ನು ಆ ಮುದುಕಿಯೇ ಮಾಫ್ ಮಾಡಬೇಕು" ಎಂದಳು. 

ಮೊನ್ನೆ ಸೋಮವಾರ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಅಂಜನಮೂರ್ತಿಯವರ ಮೇಜಿನ ಮೇಲೆ ಫೋನಿಟ್ಟು ರೆಕಾರ್ಡ್ ಹಾಕಿದೆ. ಅವರು ಅರ್ಧ ಕೇಳಿ ನಕ್ಕರು.

"ಇದು ನಾವೇ ಕೊಟ್ಟ ಪೆನ್‌ಡ್ರೈವ್‌ದು ಸಾಬ್ರೆ. ನಮ್ಗೇ ತಿರುಗ್ಸಿ ಕೇಳುಸ್ತೀರಾ?"

"ಪೂರ್ತಿ ಕೇಳಿ ಸ್ವಾಮಿ. ನಿಮ್ದು ಇಪ್ಪತ್ತೆಂಟು ಸೆಕೆಂಡು. ಇದು ನಲವತ್ತಮೂರು. ಮೂವತ್ತೊಂದನೇ ಸೆಕೆಂಡಲ್ಲಿ ಹನುಮಮ್ಮ 'ನೋಡು, ನೋಡು, ಹೆಂಗ್ ಕೂಗ್ತೈತೆ' ಅಂತಾರೆ. ನಿಮ್ ಪೆನ್‌ಡ್ರೈವಲ್ಲಿ ಹನುಮಮ್ಮ ಇದಾರಾ?"

ಅವರ ನಗು ನಿಂತಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ನೋಡಿ, ಮಹಜರಲ್ಲಿ ಹಕ್ಕಿ ಇಲ್ಲ ಅಂತ ನಿಮ್ ಸೈನೇ ಐತೆ. ಈಗ ಇದೆ ಅಂತೀರ. ಎರಡ್ರಲ್ಲಿ ಒಂದ್ ಸುಳ್ಳು ತಾನೆ? ಯಾವ್ದ್ ಸುಳ್ಳಾದ್ರೂ ಸುಳ್ಳು ಸಾಕ್ಷಿ ಹೇಳ್ದೋರು ನೀವೇ ಆಗ್ತೀರ. ಕೇಸ್ ಆಗುತ್ತೆ. ಯಾಕ್ ಬೇಕು ಈ ವಯಸ್ಸಲ್ಲಿ?" ಇನ್ನೂ ಮೆಲ್ಲಗೆ ಸೇರಿಸಿದರು. "ಸರ್ಕಾರಿ ಫಂಕ್ಷನ್‌ಗೆಲ್ಲ ನೀವೇ ಅಲ್ವಾ ಮೈಕ್ ಹಾಕೋದು? ಕೆಡುಸ್ಕೊಬೇಡಿ." ಮಾನ್ಯರೇ, ಅವರನ್ನು ನಾನು ದೂರುವುದಿಲ್ಲ. ಅವರು ತಮ್ಮ ಎಕೋ, ಅಷ್ಟೆ. ಮೂಲ ಧ್ವನಿ ಎಲ್ಲಿಯದೆಂದು ಕಂಡುಹಿಡಿಯುವುದು ನನ್ನ ಕಸುಬು.

ಎರಡರಲ್ಲಿ ಒಂದು ಸುಳ್ಳು ಎಂದರಲ್ಲ, ಆ ಮಾತು ನಿಜ. ಅದಕ್ಕೇ ಬಾಗಿಲು ಮುಚ್ಚಿಕೊಂಡು ಹೇಳಿದ್ದಕ್ಕೆ ಹೀಗೆ ಬಾಗಿಲು ತೆರೆದು ಉತ್ತರ ಕೊಡುತ್ತಿದ್ದೇನೆ. ಮಹಜರಿನಲ್ಲಿರುವ ನನ್ನ ಸಾಕ್ಷಿ ಸುಳ್ಳು. ನಾನು ಏನನ್ನೂ ಓದಿಲ್ಲ, ಯಾರೂ ಓದಿ ಹೇಳಿಲ್ಲ, ನಾನು ಒಪ್ಪಿದ್ದು ಖಾಲಿ ಹಾಳೆಯನ್ನು. ಕೇಸು ಹಾಕಿ. ಕೋರ್ಟಿನಲ್ಲಿ ನಾನು ಇದೇ ಮಾತನ್ನು ಮೈಕಿಲ್ಲದೆ ಹೇಳುತ್ತೇನೆ. ಸರ್ಕಾರಿ ಕಾರ್ಯಕ್ರಮಗಳಿಗೆ ಬೇರೆ ಮೈಕ್‌ಸೆಟ್ ಕರೆಸಿಕೊಳ್ಳಿ, ಊರಿನಲ್ಲಿ ಬೇಕಾದಷ್ಟಿವೆ. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಹೇಳಿದ್ದಾರೆ, ನನ್ನ ಪಾಲನ್ನು ನಾನು ಉಣ್ಣುತ್ತೇನೆ. ಆದರೆ ನನ್ನ ಪಾಲನ್ನು ಆ ಹಕ್ಕಿ ಯಾಕೆ ಉಣ್ಣಬೇಕು? ಕಿವಿ ಚುರುಕಾಗಿರುವ ಹೆಂಗಸು ಸರ್ಕಾರದ ಕಡತದಲ್ಲಿ ಕಿವುಡಿಯಾಗಿ ಯಾಕೆ ಉಳಿಯಬೇಕು?

ಕಲ್ಲು ಬೇಡವೆನ್ನುವವನಲ್ಲ ನಾನು. ನನ್ನ ಮನೆಯ ತಳಪಾಯವೂ ಕಲ್ಲೇ, ಬೆಟ್ಟದ ಬುಡದ ಊರಿನ ನಾಲ್ಕು ಜನಕ್ಕೆ ಗಣಿಯಲ್ಲಿ ಕೂಲಿ ಸಿಗುತ್ತದೆಂಬುದೂ ಗೊತ್ತು. ಹಕ್ಕಿ ಇದೆ, ಆದರೂ ಕಲ್ಲು ಬೇಕು ಎಂದು ತಾವು ಬರೆದಿದ್ದರೆ ಅದು ಒಂದು ವಾದವಾಗುತ್ತಿತ್ತು, ಅದಕ್ಕೆ ಉತ್ತರ ಕೊಡುವವರು ಕೊಡುತ್ತಿದ್ದರು. ಇರುವುದನ್ನು ಇಲ್ಲ ಎಂದು ಬರೆದು, ಅದರ ಕೆಳಗೆ ಒಬ್ಬ ಮೈಕಿನವನ ಸಹಿ ಅಂಟಿಸುವುದು ಯಾವ ವಾದ? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ತಾವು ಕಣ್ಣಾರೆ ಕಾಣಲೂ ಇಲ್ಲ, ಪರಾಂಬರಿಸಲೂ ಇಲ್ಲ. ಗಾಜನ್ನೂ ಇಳಿಸಲಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರ ಕಡತ ಮೇಲೆ ಹೋಗುವ ಮುಂಚೆ, ಈ ಶನಿವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಜೋಡಿಗುಂಡಿನ ಬೆಟ್ಟದ ಬುಡಕ್ಕೆ ಬನ್ನಿ. ಜೀಪನ್ನು ರಸ್ತೆಯಲ್ಲೇ ಬಿಟ್ಟು ನಡೆದು ಬನ್ನಿ. ಪೆನ್‌ಡ್ರೈವ್ ಬೇಡ, ಫೋನ್ ಬೇಡ, ಮೈಕ್ ಖಂಡಿತ ಬೇಡ. ಮೊದಲ ಗುಂಡಿನ ತನಕ ಹತ್ತಿ, ಹನುಮಮ್ಮ ತೋರಿಸಿದ ಕಡೆ ಅರ್ಧ ಗಂಟೆ ಬಾಯಿ ಮುಚ್ಚಿ ಕೂತಿರಿ. ಅನುಪಮಾ ಮೇಡಂ ಬರುತ್ತಾರೆ. ಪತ್ರಿಕೆಯವರು ಬರುವುದಾದರೆ ಬರಲಿ, ಆದರೆ ಕೆಮ್ಮು ಇರುವವರು ಬೇಡ. ಹಕ್ಕಿ ಕೂಗಿದರೆ, ವರದಿಯನ್ನು ಅಲ್ಲೇ ಹಿಂದಕ್ಕೆ ಪಡೆದು, ಹನುಮಮ್ಮನ ಕಿವಿಯ ಬಗ್ಗೆ ಬರೆದ ಸಾಲನ್ನು ಹೊಡೆದುಹಾಕಿ. ಕೂಗದಿದ್ದರೆ, ಆ ಮಹಜರಿಗೆ ನಾನು ಇನ್ನೊಂದು ಸಲ ಸಹಿ ಹಾಕುತ್ತೇನೆ. ಈ ಸಲ ಓದಿ ಹಾಕುತ್ತೇನೆ.

ಕೂಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಿದೆ. ಒಂದು ಸಲ ನನ್ನಿಂದ ಬೆದರಿ ಮೂರು ವಾರ ಸುಮ್ಮನಿದ್ದ ಹಕ್ಕಿ ಅದು, ನನಗೆ ಬೇಕಾದ ಬೆಳಿಗ್ಗೆಯೇ ಯಾಕೆ ಕೂಗಬೇಕು? ಅದಕ್ಕೆ ನಾನು ಯಾವ ಉಪಕಾರ ಮಾಡಿದ್ದೇನೆ? ಆದರೂ ಶನಿವಾರ ನಾನಲ್ಲಿರುತ್ತೇನೆ. ತಾವು ಬಂದರೂ ಸರಿ, ಬಾರದಿದ್ದರೂ ಸರಿ.

ಕೊನೆಯದಾಗಿ, ಈ ಪತ್ರ ಅಚ್ಚಾದ ಮೇಲೆ ಆ ಊರಿನಲ್ಲಿ ಯಾರಾದರೂ ಇದನ್ನು ಹನುಮಮ್ಮನವರಿಗೆ ಓದಿ ಹೇಳುತ್ತಾರೆ. ಶನಿವಾರ ನನ್ನ ಮುಖ ನೋಡುವ ಮೊದಲು ಅವರಿಗೆ ಎಲ್ಲವೂ ಗೊತ್ತಿರಬೇಕೆಂದೇ ಇದನ್ನು ಬಹಿರಂಗವಾಗಿ ಬರೆದೆ. ಹನುಮಮ್ಮನವರೇ, ಅಂದು ನೀವು ಬೆರಳಿಟ್ಟು ತೋರಿಸಿದ್ದು ಸೀಲಲ್ಲ. ನಾನು ಓದದೆ ಬಿಟ್ಟ ಆ ಸಾಲು ಇಲ್ಲಿ ಕೆಳಗಿದೆ. ಓದುವವರು ದಯವಿಟ್ಟು ಗಟ್ಟಿಯಾಗಿ ಓದಲಿ.

ಇಂತಿ,
ಸಾಕ್ಷಿ ಎರಡು: ಅಕ್ರಂ ಪಾಷಾ, ಮೈಕ್‌ಸೆಟ್ ಅಂಗಡಿ, ಉಪ್ಪಾರಹಳ್ಳಿ, ತುಮಕೂರು.